ಇಪ್ಪತ್ತು ಡಿಗ್ರಿ ರೂಮಿಗೆ ಬಂದವರು

ಒಂದು ಬಾಗಿಲ ಮೇಲೆ 'ಅನುಮತಿಯಿಲ್ಲದೆ ಒಳಗೆ ಬರಬೇಡಿ' ಅಂತ ಬರೆಸಿ ನೋಡಿ, ಅವತ್ತಿನಿಂದ ಊರಿಗೆಲ್ಲ ಅಲ್ಲೇ ಕೆಲಸ ಹುಟ್ಟುತ್ತದೆ. ನನಗೆ ಇದು ದಿನಾ ಆಗುತ್ತದೆ, ದಿನಾ ಸಿಟ್ಟು ಬರುತ್ತದೆ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಸದ್ಯಕ್ಕೆ ಇಳಿಯುವ ಲಕ್ಷಣ ಕಾಣುತ್ತಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಅಡ್ಡರಸ್ತೆಯಲ್ಲಿ, ತಲೆಯ ಮೇಲೆ ಶೀಟ್ ಹೊದಿಸಿದ ಕಾರ್ಖಾನೆ ನಮ್ಮದು. ನಮ್ಮದು ಅಂದರೆ ಓನರ್‌ದು. ಮೋಟಾರಿನೊಳಗೆ ತಿರುಗುವ ಕಬ್ಬಿಣದ ಶಾಫ್ಟ್‌ಗಳನ್ನು ಅಲ್ಲಿ ಲೇತ್ ಯಂತ್ರದ ಮೇಲೆ ಕಡೆಯುತ್ತಾರೆ. ಅವನ್ನು ಅಳೆದು, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್ ಅನ್ನುವುದು ನನ್ನ ಕೆಲಸ. ಅಂದರೆ ಕಾರ್ಖಾನೆಯಲ್ಲಿ ಯಾರಿಗೂ ಬೇಡದ ಹೆಂಗಸು ನಾನು.

ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಇದು ಹೈಸ್ಕೂಲಿನ ಪಾಠ. ಎಲ್ಲರಿಗೂ ಗೊತ್ತು, ಯಾರೂ ನಂಬುವುದಿಲ್ಲ. ಹಿಗ್ಗುವುದು ಕೂದಲೆಳೆಗಿಂತ ಕಡಿಮೆ, ನಿಜ. ಆದರೆ ಅಷ್ಟು ತಪ್ಪಿದರೂ ನಮ್ಮ ಶಾಫ್ಟ್ ಗಿರಾಕಿಯ ಮೋಟಾರಿನಲ್ಲಿ ಕೂರುವುದಿಲ್ಲ. ಅದಕ್ಕೇ ಇಂಥ ಅಳತೆಯೆಲ್ಲ ಇಪ್ಪತ್ತು ಡಿಗ್ರಿಯಲ್ಲೇ ಆಗಬೇಕು ಅಂತ ಇಡೀ ಪ್ರಪಂಚ ಒಪ್ಪಿಕೊಂಡಿದೆ, ನಮ್ಮ ಕಾರ್ಖಾನೆ ಒಂದನ್ನು ಬಿಟ್ಟು. ಕಾರ್ಖಾನೆಯ ಮೂಲೆಯಲ್ಲಿ ಒಂದು ಪುಟ್ಟ ರೂಮಿದೆ. ಒಂದು ಕಡೆ ಗಾಜಿನ ಗೋಡೆ, ಬಿಸಿ ತಣ್ಣಗೆ ಎರಡೂ ಮಾಡುವ ಎಸಿ, ನಡುವೆ ಕನ್ನಡಿಯ ಹಾಗೆ ಮಟ್ಟ ಮಾಡಿದ ಕರಿಕಲ್ಲಿನ ಮೇಜು, ಗೋಡೆಗೆ ಥರ್ಮಾಮೀಟರ್. ಅದೇ ನನ್ನ ರೂಮು.

ಹೋದ ವರ್ಷ ಬೇಸಿಗೆಯಲ್ಲಿ ದೊಡ್ಡ ಗಿರಾಕಿಯ ಕಂಪನಿಯಿಂದ ಆಡಿಟರ್ ಬಂದು, ರೂಮಿನ ಟೆಂಪರೇಚರ್ ಒಂದೇ ಸಮ ಇಲ್ಲ, ಏರುತ್ತದೆ, ಇಳಿಯುತ್ತದೆ ಅಂತ ಬರೆದು ಹೋದರು. ಓನರ್ ನನ್ನನ್ನು ಕರೆಸಿದರು.

"ಮೇಡಂ, ಮುಂದಿನ ಏಪ್ರಿಲ್‌ನಲ್ಲೂ ಹಿಂಗೇ ಬರೆದ್ರೆ ರೂಮ್ ಮುಚ್ಚಿಬಿಡ್ತೀನಿ. ಅಳತೆ ಎಲ್ಲ ಹೊರಗಡೆ ಲ್ಯಾಬ್‌ಗೆ ಕೊಟ್ರಾಯ್ತು. ನೀವು ಬೇಕಾದ್ರೆ ಫ್ರಂಟ್ ಆಫೀಸಲ್ಲಿ ಕೂತ್ಕೊಂಡು ಫೋನ್ ತಗೊಳ್ಳಿ."

ಡಿಪ್ಲೊಮಾ ಮಾಡಿ, ಇಷ್ಟು ವರ್ಷ ಕೂದಲೆಳೆಯ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದ ಕೈಯಲ್ಲಿ ಫೋನ್ ಎತ್ತಿ 'ಲೈನಲ್ಲಿರಿ ಸಾರ್' ಅನ್ನಬೇಕಂತೆ. ಟೆಂಪರೇಚರ್ ಯಾಕೆ ಏರುತ್ತದೆ, ಯಾರಿಂದ ಏರುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಆಮೇಲಿನ ಒಂದು ವರ್ಷದಲ್ಲಿ ಆದದ್ದನ್ನಾದರೂ ಇಲ್ಲಿ ಹೇಳುತ್ತೇನೆ.

ಹಳದಿ ಚೀಟಿ

ಮೇ ತಿಂಗಳು. ಶೀಟಿನ ಕೆಳಗೆ ಆಪರೇಟರ್‌ಗಳು ಬೇಯುತ್ತಿದ್ದರು, ಒಪ್ಪುತ್ತೇನೆ. ನನಗೂ ಕರುಳಿದೆ. ಹಾಗಂತ ಗೇಜುಗಳ ಬೀರು ತೆಗೆದರೆ ಒಗ್ಗರಣೆ ವಾಸನೆ ಬರಬೇಕಾ? ಗೇಜ್ ಅಂದರೆ ನಮ್ಮ ಅಳತೆ ಸರಿಯಿದೆಯೇ ಅಂತ ತಾಳೆ ನೋಡಲು ಇರುವ ಉಕ್ಕಿನ ತುಂಡುಗಳು. ಬರಿಗೈಯಲ್ಲಿ ಹಿಡಿದರೆ ಕೈಯ ಬಿಸಿಗೇ ಹಿಗ್ಗುವಂಥವು. ಅವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಎಳೆಮಗುವಿನ ಹಾಗೆ ಮಲಗಿಸಿರುತ್ತೇನೆ. ಅವತ್ತು ಅವುಗಳ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿಯೂ ಮಲಗಿತ್ತು. ಮುಚ್ಚಳ ತೆಗೆದರೆ ಮೊಸರನ್ನ, ಮೇಲೆ ದಾಳಿಂಬೆ ಕಾಳು, ಒಂದು ಪಕ್ಕಕ್ಕೆ ಬಾಳಕದ ಮೆಣಸಿನಕಾಯಿ.

ಡಬ್ಬಿ ಮೊದಲನೇ ಲೇತಿನ ಆಪರೇಟರ್‌ದು. ಕರೆಸಿ ಕೇಳಿದೆ, "ಏನ್ರೀ ಇದು?"

"ಮೊಸರನ್ನ, ಮೇಡಂ."

"ಅದು ಕಾಣ್ತಾ ಇದೆ. ಇಲ್ಲಿ ಯಾಕಿದೆ?"

"ಹೊರಗಿಟ್ರೆ ಮಧ್ಯಾಹ್ನಕ್ಕೆ ಹುಳಿ ಬಂದ್ಬಿಡುತ್ತೆ ಮೇಡಂ. ನಿಮ್ಮ ರೂಮಲ್ಲಾದ್ರೆ ಬೆಳಿಗ್ಗೆ ಕಲ್ಸಿದ್ದು ಹಂಗೇ ಇರುತ್ತೆ."

ಚೆನ್ನಾಗಿ ಬೈದು ಕಳಿಸಿದೆ. ಆಗಿದ್ದೇನೆಂದರೆ, ಬೈಗುಳ ಕೇಳಿಸಿಕೊಂಡವರಿಗೆಲ್ಲ ಇಲ್ಲಿ ತಣ್ಣಗಿದೆ ಅನ್ನುವ ವಿಷಯ ಗೊತ್ತಾಯಿತು. ಒಂದು ವಾರದೊಳಗೆ ಬೀರುವಿನಲ್ಲಿ ಯಾರದೋ ಮಗಳ ಬರ್ತ್‌ಡೇ ಚಾಕ್ಲೇಟು, ಯಾರೋ ಮನೆಗೆ ಒಯ್ಯಲು ತಂದ ಮಲ್ಲಿಗೆ ದಂಡೆ, ಒಂದು ಪೊಟ್ಟಣ ದೋಸೆ ಹಿಟ್ಟು. ಹಿಟ್ಟು ಉಕ್ಕದಿರಲಿ ಅಂತ ಇಟ್ಟರಂತೆ. ಪ್ರತಿ ಸಲ ಬಾಗಿಲು ತೆಗೆದಾಗಲೂ ಹೊರಗಿನ ಝಳ ಒಳಗೆ ನುಗ್ಗುತ್ತಿತ್ತು. ಎಲ್ಲವನ್ನೂ ಎತ್ತಿ ಆಚೆ ಇಟ್ಟು ಬೀರುವಿಗೆ ಬೀಗ ಜಡಿದೆ.

ಮರುದಿನ ಮೊಸರನ್ನದ ಡಬ್ಬಿ ಕರಿಕಲ್ಲಿನ ಮೇಜಿನ ಮೇಲೇ ಇತ್ತು. ಅದಕ್ಕೊಂದು ಹಳದಿ ಚೀಟಿ. ನಮ್ಮಲ್ಲಿ ಪಾಸಾದ ಮಾಲಿಗೆ ಹಸಿರು, ರಿಜೆಕ್ಟ್ ಆದದ್ದಕ್ಕೆ ಕೆಂಪು, ಇನ್ನೂ ನೋಡಬೇಕಾದದ್ದಕ್ಕೆ ಹಳದಿ ಚೀಟಿ ಅಂಟಿಸುತ್ತೇವೆ. ಹಳದಿ ಚೀಟಿಯ ಮಾಲನ್ನು ನಾನು ತೀರ್ಮಾನ ಹೇಳುವ ತನಕ ಯಾರೂ ಜಾಗ ಬಿಟ್ಟು ಕದಲಿಸುವ ಹಾಗಿಲ್ಲ. ಈ ನಿಯಮ ಮಾಡಿದವಳು ನಾನೇ. ಹಲ್ಲು ಕಡಿಯುತ್ತಾ ಡಬ್ಬಿಯವರನ್ನು ಕರೆದೆ.

"ನಿಮ್ದೇ ರೂಲ್ ಅಲ್ವಾ ಮೇಡಂ," ಅಂದರು. "ನೋಡಿ ಪಾಸ್ ಮಾಡ್ಬಿಡಿ. ಉಪ್ಪು ಮಾತ್ರ ಅಳತೆಗಿಂತ ಒಂಚೂರು ಕಮ್ಮಿ ಇರಬಹುದು."

ಬಾಗಿಲಿನ ಜ್ವರ

ನನ್ನ ರೂಮಿನ ಬಾಗಿಲು ಕಬ್ಬಿಣದ್ದು, ಪಶ್ಚಿಮಕ್ಕೆ ಅಂಗಳದ ಕಡೆ ತೆರೆಯುತ್ತದೆ. ಪಶ್ಚಿಮದ ಬಿಸಿಲು ಬೀಳುವ ಕಡೆಗೆ ಎಸಿ ರೂಮಿನ ಬಾಗಿಲು ಯಾರಾದರೂ ಇಡುತ್ತಾರಾ ಅಂತ ನೀವು ಕೇಳಬಹುದು. ವಾಸ್ತು ಹೇಳುವವರು ಇಡುತ್ತಾರೆ. ಆ ಪುಣ್ಯಾತ್ಮರು ಬಂದು ನೋಡಿ ಹೋದ ಮೇಲೆ ಇದ್ದ ಬಾಗಿಲನ್ನು ಮುಚ್ಚಿಸಿ ಇಲ್ಲಿ ಇಡಿಸಿದರು.

ಬಿಸಿಲು ಏರಿದ ಹಾಗೆ ಬಾಗಿಲು ಹಿಗ್ಗಿ, ಮಧ್ಯಾಹ್ನದ ಹೊತ್ತಿಗೆ ಚೌಕಟ್ಟಿಗೆ ಕಚ್ಚಿಕೊಂಡು ಅರ್ಧಕ್ಕೇ ನಿಂತುಬಿಡುತ್ತಿತ್ತು. ಭುಜ ಕೊಟ್ಟು ತಳ್ಳಿದರೂ ಮುಚ್ಚುತ್ತಿರಲಿಲ್ಲ. ಗೋವಿಂದರಾಜನಗರದ ಒಬ್ಬ ವೆಲ್ಡರ್‌ಗೆ ಫೋನ್ ಮಾಡಿದೆ. ಅವರು ಬೆಳಿಗ್ಗೆ ತಿಂಡಿ ಮುಗಿಸಿ, ಬಿಸಿಲು ಏರುವ ಮುಂಚೆ ಬಂದರು. ಒಂದು ಬೆರಳಿನಲ್ಲಿ ತಳ್ಳಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

"ಏನ್ ಮೇಡಂ, ಚೆನ್ನಾಗೇ ಇದೆಯಲ್ಲ."

"ಮಧ್ಯಾಹ್ನ ಮುಚ್ಚಲ್ಲ ರೀ. ಮಧ್ಯಾಹ್ನ ಬನ್ನಿ."

"ಮಧ್ಯಾಹ್ನ ಬಿಸಿಲು ಮೇಡಂ, ಕೆಲಸ ಮಾಡಕ್ಕಾಗಲ್ಲ."

ಇದೇ ಮಾತು ಹಲವು ಸಲ ನಡೆಯಿತು. ಡಾಕ್ಟರ ಹತ್ತಿರ ಹೋದ ಕೂಡಲೇ ಇಳಿದುಬಿಡುವ ಮಕ್ಕಳ ಜ್ವರದ ಹಾಗೆ, ಈ ಮನುಷ್ಯನನ್ನು ಕಂಡರೆ ಬಾಗಿಲು ಸರಿಹೋಗುತ್ತಿತ್ತು. ಕೊನೆಗೆ ಬೇರೆ ಏನೋ ಕೆಲಸ ಇದೆ ಅಂತ ಸುಳ್ಳು ಹೇಳಿ ಮಧ್ಯಾಹ್ನ ಕರೆಸಿದೆ. ಬಾಗಿಲನ್ನು ಮುಟ್ಟಿ ಕೈ ಸುಟ್ಟುಕೊಂಡು, ನನ್ನನ್ನು ಒಂದು ಥರಾ ನೋಡಿ, ಅಂಚನ್ನು ಉಜ್ಜಿ ಉಜ್ಜಿ ಸವೆಸಿ ಹೋದರು. ಈಗ ಮಧ್ಯಾಹ್ನ ಬಾಗಿಲು ಸರಿಯಾಗಿ ಮುಚ್ಚುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಅದರ ಸಂದಿಯಲ್ಲಿ ಹಲ್ಲಿಗಳು ಸಂಸಾರ ಸಮೇತ ಒಳಗೆ ಬರುತ್ತವೆ.

ಮತ್ತೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಆತ ಶಾಂತವಾಗಿ ಕೇಳಿಸಿಕೊಂಡು ಅಂದರು: "ಒಂದ್ ಕೆಲ್ಸ ಮಾಡಿ ಮೇಡಂ. ಬಾಗಿಲಿಗೂ ಒಂದು ಎಸಿ ಹಾಕಿಸ್ಬಿಡಿ."

ಬಾನೆಟ್ ಮೇಲೆ ಬೆಳೆದ ಶಾಫ್ಟ್

ಲೇತ್‌ನಿಂದ ಇಳಿಸಿದ ಶಾಫ್ಟ್ ಬಿಸಿಯಾಗಿರುತ್ತದೆ. ಆಗ ಅಳೆದರೆ ದಪ್ಪ ಸರಿಯಾಗಿಯೇ ಇರುತ್ತದೆ. ನನ್ನ ರೂಮಿನಲ್ಲಿ ತಣ್ಣಗಾದ ಮೇಲೆ ಕುಗ್ಗಿ ಸಣ್ಣಗಾಗಿರುತ್ತದೆ, ನಾನು ಕೆಂಪು ಚೀಟಿ ಅಂಟಿಸುತ್ತೇನೆ. ಸೂಪರ್‌ವೈಸರ್‌ಗೆ ಇದನ್ನು ಅರ್ಥ ಮಾಡಿಸುವುದಕ್ಕೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಅವರದು ಒಂದೇ ವಾದ.

"ನಮ್ಮ ಹತ್ರ ಇರೋವರ್ಗೂ ಸರಿ ಇತ್ತು ಮೇಡಂ. ನಿಮ್ಮ ರೂಮಿಗೆ ಬಂದ್ಮೇಲೇ ಹಿಂಗಾಗಿರೋದು."

ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ರಿಜೆಕ್ಟ್ ಮಾಡಿ ಕಳಿಸಿದ್ದ ಶಾಫ್ಟ್‌ಗಳು ಊಟದ ನಂತರ ವಾಪಸ್ ಬಂದವು. "ಇನ್ನೊಂದ್ ಸಲ ನೋಡಿ ಮೇಡಂ, ಈಗ ಸರಿಯಾಗಿದೆ," ಅಂದರು ಸೂಪರ್‌ವೈಸರ್. ಕಡೆದು ಸಣ್ಣಗಾದ ಕಬ್ಬಿಣ ಮತ್ತೆ ಹೇಗೆ ದಪ್ಪಗಾಗುತ್ತದೆ? ಕೈಯಿಟ್ಟೆ. ಹಂಚಿನಿಂದ ಈಗ ತಾನೇ ಇಳಿಸಿದ ಹೋಳಿಗೆಯಷ್ಟು ಬಿಸಿ. ಹೊರಗೆ ಹೋಗಿ ನೋಡಿದರೆ, ಬಿಸಿಲಿನಲ್ಲಿ ನಿಂತಿದ್ದ ಓನರ್ ಕಾರಿನ ಬಾನೆಟ್ ಮೇಲೆ ಗೋಣಿ ಹಾಸಿ, ಇನ್ನೊಂದಷ್ಟು ಶಾಫ್ಟ್‌ಗಳನ್ನು ಹಪ್ಪಳದ ಹಾಗೆ ಸಾಲಾಗಿ ಒಣಗಿಸಿದ್ದರು. ನಾನು ಹಿಗ್ಗುವುದು ಕುಗ್ಗುವುದು ಅಂತ ಇಷ್ಟು ದಿನ ಗಂಟಲು ಹರಿದುಕೊಂಡಿದ್ದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು ಅಂತ ಆಗ ಗೊತ್ತಾಯಿತು.

ಕಾರ್ಖಾನೆಯ ನಟ್ಟ ನಡುವೆ ನಿಂತು ಕೂಗಾಡಿದೆ. ಇದು ಮೋಸ, ಗಿರಾಕಿಯ ಕೈಗೆ ಹೋದ ಮೇಲೆ ಮತ್ತೆ ಕುಗ್ಗುತ್ತದೆ, ತಣ್ಣಗಿರುವ ಜಾಗದಲ್ಲಿ ಯಾವ ವಸ್ತುವಾದರೂ ಕುಗ್ಗಲೇಬೇಕು ಅಂತ ಒತ್ತಿ ಒತ್ತಿ ಹೇಳಿದೆ. ಲೇತ್‌ಗಳೆಲ್ಲ ನಿಂತವು. ಸೂಪರ್‌ವೈಸರ್ ನನ್ನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದರು.

"ತಪ್ಪು ತಿಳ್ಕೋಬೇಡಿ ಮೇಡಂ," ಅಂದರು. "ಇಷ್ಟ್ ವರ್ಷದಿಂದ ಅದೇ ರೂಮಲ್ಲಿ ಕೂತಿದೀರಲ್ಲ, ನೀವ್ಯಾಕೆ ಕುಗ್ಗಿಲ್ಲ?"

ಆಯುಧಪೂಜೆ

ನಾನು ದೇವರು ದಿಂಡರು ಬೇಡ ಅನ್ನುವವಳಲ್ಲ. ಮನೆಯಲ್ಲಿ ಮಿಕ್ಸಿಗೂ ಕುಂಕುಮ ಇಟ್ಟು ಕೈ ಮುಗಿಯುತ್ತೇನೆ. ಆದರೆ ನನ್ನ ರೂಮಿಗೆ ಹೊರಗಿನಿಂದಲೇ ಒಂದು ಹೂವಿನ ಎಳೆ ಸಾಕು, ಒಳಗೆ ಯಾರೂ ಬರಬೇಡಿ ಅಂತ ಹಬ್ಬಕ್ಕೆ ಎಷ್ಟೋ ಮುಂಚೆ ಹೇಳಿ ಇಟ್ಟಿದ್ದೆ. ಎಲ್ಲರೂ ಒಪ್ಪಿದ್ದರು. ಓನರ್ ತಾಯಿಗೆ ಹೇಳುವುದನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಆ ಅಮ್ಮ ದಾವಣಗೆರೆ ಕಡೆಯವರು. ವಿಭೂತಿ ಗಟ್ಟಿ ಹಿಡಿದು ಹೊರಟರೆ ಅವರ ಕಣ್ಣಿಗೆ ಬಿದ್ದ ಯಾವುದೂ ತಪ್ಪಿಸಿಕೊಳ್ಳುವ ಹಾಗಿಲ್ಲ. ನಾನು ಪ್ರಸಾದದ ಪುರಿ ತರಲು ಆಚೆ ಹೋಗಿದ್ದೇ ತಡ, ಬಂದು ನೋಡಿದರೆ ಎಸಿಗೆ ಮೂರು ಪಟ್ಟೆ, ಬೀರುವಿಗೆ ಮೂರು ಪಟ್ಟೆ, ಥರ್ಮಾಮೀಟರಿಗೆ ಮೂರು ಪಟ್ಟೆ. ಎಷ್ಟು ಡಿಗ್ರಿ ಅಂತ ತೋರಿಸುವ ಅಂಕಿಗಳೆಲ್ಲ ವಿಭೂತಿಯ ಹಿಂದೆ. ಬಂಗಾರಕ್ಕಿಂತ ಜೋಪಾನ ಮಾಡಿದ ಕರಿಕಲ್ಲಿನ ಮೇಜಿನ ಮೇಲೆ ಎರಡು ದೀಪ, ಊದುಬತ್ತಿ, ನಡುವೆ ಧಗಧಗ ಉರಿಯುವ ಕರ್ಪೂರ. ಅಮ್ಮ ಕಲ್ಲನ್ನು ಸವರುತ್ತಾ ನಿಂತಿದ್ದರು.

"ಎಷ್ಟು ನುಣ್ಣಗೈತಿ ಕಲ್ಲು," ಅಂದರು. "ಹೋಳಿಗಿ ಲಟ್ಟಿಸಾಕ ಭಾಳ ಚಲೋ ಆಕ್ಕತಿ."

ಇದು ಇಪ್ಪತ್ತು ಡಿಗ್ರಿಯಲ್ಲಿರಬೇಕಾದ ಜಾಗ ಅಮ್ಮ, ದೀಪ ಹಚ್ಚಿದರೆ ಬಿಸಿ ಏರುತ್ತದೆ, ಕಲ್ಲು ಕೂಡ ಉಬ್ಬುತ್ತದೆ, ಮೇಜಿನ ಮಟ್ಟ ಹೋದರೆ ನನ್ನ ಕೆಲಸವೇ ಹೋಗುತ್ತದೆ ಅಂತ ಒಂದೇ ಉಸಿರಿಗೆ ಒದರಿದೆ. ಹಬ್ಬದ ದಿನ ಹಿರಿಯರ ಮುಂದೆ ಹಾಗೆ ಕೂಗಬಾರದಿತ್ತು ಅಂತ ಆಪರೇಟರ್‌ಗಳ ಮುಖ ನೋಡಿದರೆ ತಿಳಿಯುತ್ತಿತ್ತು. ಕೂಗಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ.

ಅಮ್ಮ ಸಿಟ್ಟಾಗಲಿಲ್ಲ. ಮಗನ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ, "ಪಾಪ, ಈಕಿಗೆ ಭಾಳ ದೃಷ್ಟಿ ಆಗೇತಿ ನೋಡು," ಅಂದರು. ಹೊಸ ಲೇತಿಗೆ ಅಂತ ತಂದಿದ್ದ ಬೂದುಗುಂಬಳಕಾಯಿಯನ್ನು ತರಿಸಿ, ಅದರ ಮೇಲೆ ಕರ್ಪೂರ ಹಚ್ಚಿ, ಎಲ್ಲರೆದುರಿಗೆ ನನಗೆ ನಿವಾಳಿಸಿ ಬಾಗಿಲ ಮುಂದೆ ಒಡೆಸಿದರು.

ಕೊಬ್ಬರಿ ಎಣ್ಣೆ

ಡಿಸೆಂಬರ್ ಬಂದರೆ ಈ ಜನ ಹತ್ತಿರ ಸುಳಿಯುವುದಿಲ್ಲ ಅಂದುಕೊಂಡಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕು. ಶೀಟಿನ ಕೆಳಗೆ ಬೆಳಗಿನ ಹೊತ್ತು ಕೈ ಮರಗಟ್ಟುವ ಚಳಿ. ನನ್ನ ರೂಮಿನಲ್ಲಿ ಆಗಲೂ ಇಪ್ಪತ್ತೇ. ಮೇ ತಿಂಗಳಲ್ಲಿ 'ಎಷ್ಟು ತಣ್ಣಗಿದೆ ಮೇಡಂ' ಅಂತ ನುಗ್ಗುತ್ತಿದ್ದವರೇ ಈಗ 'ಎಷ್ಟು ಬೆಚ್ಚಗಿದೆ ಮೇಡಂ' ಅಂತ ನುಗ್ಗತೊಡಗಿದರು.

ಅವರಲ್ಲಿ ಅಕೌಂಟೆಂಟ್ ಒಬ್ಬರು. ಚಂದ್ರಾ ಲೇಔಟ್‌ನಿಂದ ಸ್ಕೂಟರಿನಲ್ಲಿ ಬರುತ್ತಾರೆ. ಹೆಲ್ಮೆಟ್ ತೆಗೆದ ಕೂಡಲೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳದೆ ಕುರ್ಚಿಯಲ್ಲಿ ಕೂರುವುದಿಲ್ಲ. ಅವರ ಕೊಬ್ಬರಿ ಎಣ್ಣೆ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗಿತ್ತು. ತಂದು ನನ್ನ ಬೀರುವಿನ ಮೇಲಿಟ್ಟು, "ಕರಗ್ಲಿ, ಆಮೇಲೆ ತಗೊಂಡು ಹೋಗ್ತೀನಿ," ಅಂದರು. ಸಂಜೆ ಬಂದರು, ಕರಗಿರಲಿಲ್ಲ. ಮರುದಿನವೂ ಇಲ್ಲ.

"ನಿಮ್ಮ ರೂಮಲ್ಲಿ ಏನೋ ಪ್ರಾಬ್ಲಂ ಇದೆ ಮೇಡಂ."

"ಪ್ರಾಬ್ಲಂ ಇಲ್ಲ ಸಾರ್. ಕೊಬ್ಬರಿ ಎಣ್ಣೆ ಕರಗಕ್ಕೆ ಇಪ್ಪತ್ನಾಲ್ಕು ಡಿಗ್ರಿ ಬೇಕು. ಇಲ್ಲಿರೋದು ಇಪ್ಪತ್ತು."

"ಅಷ್ಟೇನಾ? ನಾಲ್ಕು ಡಿಗ್ರಿ ಜಾಸ್ತಿ ಮಾಡಿ ಮತ್ತೆ," ಅಂದರು, ದರ್ಶಿನಿಯಲ್ಲಿ ಇಡ್ಲಿಗೆ ಇನ್ನೊಂದು ಸೌಟು ಸಾಂಬಾರ್ ಕೇಳುವ ಹಾಗೆ.

ಅವರಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ ಹೋದರು. ನಾಳೆ ಬೆಳಿಗ್ಗೆ ನಾನು ಬರುವ ಮುಂಚೆ ಬಂದು ಎಸಿಯ ರಿಮೋಟ್ ಹುಡುಕುತ್ತಾರೆ ಅಂತ ನನಗೆ ಹೊಳೆಯಬೇಕಿತ್ತು. ಮರುದಿನ ನಾನು ಅಳೆದ ಶಾಫ್ಟ್‌ಗಳೆಲ್ಲ ದಪ್ಪ, ಒಂದಾದ ಮೇಲೊಂದು ರಿಜೆಕ್ಟ್. ಸೂಪರ್‌ವೈಸರ್ ಜೊತೆ ಜಗಳ, ಓನರ್ ಜೊತೆ ಜಗಳ. ಆಮೇಲೆ ಥರ್ಮಾಮೀಟರ್ ಕಡೆ ಕಣ್ಣು ಹೋಯಿತು, ಇಪ್ಪತ್ನಾಲ್ಕು. ಒಂದು ದಿನದ ಕೆಲಸ ನೀರುಪಾಲಾಗಿತ್ತು. ಅವತ್ತು ಇಡೀ ಕಾರ್ಖಾನೆಯಲ್ಲಿ ಒಪ್ಪವಾಗಿ ಕೂತಿದ್ದದ್ದು ಅಕೌಂಟೆಂಟರ ಕ್ರಾಪ್ ಒಂದೇ.

ಆಡಿಟ್

ಏಪ್ರಿಲ್ ಬಂತು. ಆಡಿಟರ್ ಬರುವುದಕ್ಕೆ ಒಂದು ವಾರ ಮುಂಚಿನಿಂದ ನಾನು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತೆ. ಹತ್ತಿರ ಬಂದವರನ್ನು ನೋಟದಲ್ಲೇ ಓಡಿಸಿದೆ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಟೆಂಪರೇಚರ್ ಅಲ್ಲಾಡಲಿಲ್ಲ. ಫ್ರಂಟ್ ಆಫೀಸಿನ ಫೋನ್ ರಿಂಗಾದಾಗಲೆಲ್ಲ ಎದ್ದು ಥರ್ಮಾಮೀಟರ್ ನೋಡಿ ಬರುತ್ತಿದ್ದೆ.

ಆಡಿಟರ್ ಬಂದದ್ದು ನೆತ್ತಿ ಸುಡುವ ಹೊತ್ತಿನಲ್ಲಿ, ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಬೆಂದುಕೊಂಡು. ಅವರ ಹಿಂದೆ ಅವರ ಅಸಿಸ್ಟೆಂಟು, ಓನರ್, ಓನರ್ ಭಾಮೈದ, ಸೂಪರ್‌ವೈಸರ್, ಕೊನೆಯಲ್ಲಿ ಒಂದು ತಟ್ಟೆ ಬಿಸಿಬಿಸಿ ಕಾಫಿ ಹಿಡಿದ ಅಕೌಂಟೆಂಟ್. ಮದುವೆಗೆ ಬೀಗರು ಬಂದ ಹಾಗೆ ಎಲ್ಲರೂ ನನ್ನ ಪುಟ್ಟ ರೂಮಿನೊಳಗೆ ತುಂಬಿಕೊಂಡರು. ಆಡಿಟರ್ ಥರ್ಮಾಮೀಟರ್ ನೋಡಿದರು. ಇಪ್ಪತ್ತು. ಓನರ್ ಮುಖ ಅರಳಿತು. ಅರಳಿದ್ದೇ ತಡ, ಕಂಪನಿ ಹೇಗೆ ಒಂದು ಹಳೇ ಲೇತ್‌ನಿಂದ ಶುರುವಾಯಿತು ಅನ್ನುವ ಕಥೆ ತೆಗೆದರು. ಆ ತಂಪಿನಲ್ಲಿ ಯಾರಿಗೂ ಆಚೆ ಹೋಗುವ ಮನಸ್ಸಿರಲಿಲ್ಲ. ಕಾಫಿ ಒಂದು ಸುತ್ತು ಆಯಿತು.

ನಾನು ಥರ್ಮಾಮೀಟರನ್ನೇ ನೋಡುತ್ತಿದ್ದೆ. ಇಪ್ಪತ್ತೊಂದು ಆಯಿತು. ಕಥೆ ಎರಡನೇ ಲೇತಿಗೆ ಬಂದಾಗ ಇಪ್ಪತ್ತೆರಡು. ಆಡಿಟರ್ ಕೂಡ ನೋಡಿದರು, ಪೆನ್ನು ತೆಗೆದರು.

"ಟೆಂಪರೇಚರ್ ಏರ್ತಾ ಇದೆಯಲ್ಲ ಮೇಡಂ. ಏನು ಕಾರಣ?"

ಓನರ್ ನನ್ನನ್ನು ದುರುಗುಟ್ಟಿ ನೋಡಿದರು. ಆ ನೋಟದಲ್ಲಿ ಫ್ರಂಟ್ ಆಫೀಸಿನ ಫೋನ್ ನನಗೆ ಕಾಣಿಸಿತು. ವರ್ಷವಿಡೀ ಬೈದದ್ದು ಏನೂ ಅಲ್ಲ, ನುಂಗಿಕೊಂಡದ್ದು ಅದಕ್ಕಿಂತ ಹೆಚ್ಚಿತ್ತು. ಅಷ್ಟೂ ಆಚೆ ಬಂತು.

"ಕಾರಣ ನೀವು ಸಾರ್. ನೀವು, ಇವರು, ಅವರು, ಎಲ್ಲಾರೂ. ಒಬ್ಬ ಮನುಷ್ಯ ಸುಮ್ನೆ ನಿಂತ್ರೂ ನೂರು ವ್ಯಾಟ್ ಬಲ್ಬ್ ಉರಿದಷ್ಟು ಬಿಸಿ ಬಿಡ್ತಾನೆ. ಈ ಬೆಂಕಿಪೊಟ್ಣದಂಥ ರೂಮಲ್ಲಿ ಎಷ್ಟು ಬಲ್ಬ್ ಉರೀತಾ ಇದೆ ನೀವೇ ಎಣಿಸ್ಕೊಳ್ಳಿ. ಮೇಲೆ ಕಾಫಿ ಬೇರೆ. ಎಲ್ಲಾರೂ ಆಚೆ ನಡೀರಿ."

ಓನರ್ ಮೆಲ್ಲಗೆ ಕೇಳಿದರು, "ನಾನೂನಾ?"

"ಮೊದಲು ನೀವು, ಸಾರ್."

ಹೋದರು. ಆಡಿಟರ್ ಕೂಡ ಹೋದರು. ಬಾಗಿಲು ಹಾಕಿ ಚಿಲಕ ಜಡಿದೆ. ಶೀಟಿನ ಕೆಳಗೆ ನಿಂತು ಎಲ್ಲರೂ ಗಾಜಿನ ಮೂಲಕ ನನ್ನನ್ನು ನೋಡುತ್ತಿದ್ದರು. ಆಡಿಟರ ಬೆವರು ಅವರ ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಟೆಂಪರೇಚರ್ ನಿಧಾನಕ್ಕೆ ಇಳಿಯಿತು. ಒಂದೊಂದೇ ಶಾಫ್ಟ್ ಅಳೆದು, ಮೈಕ್ರೋಮೀಟರನ್ನು ಗಾಜಿಗೆ ಹಿಡಿದು ತೋರಿಸಿದೆ. ಅವರು ಆಚೆ ನಿಂತೇ ಬರೆದುಕೊಂಡರು. ನಡುವೆ ಒಮ್ಮೆ ಗಾಜು ತಟ್ಟಿ, "ಈಗ ಒಳಗೆ ಬರಬಹುದಾ ಮೇಡಂ?" ಅಂತ ಕೈಸನ್ನೆಯಲ್ಲಿ ಕೇಳಿದರು. ಬೇಡ ಅಂತ ನಾನೂ ಕೈಸನ್ನೆಯಲ್ಲೇ ಹೇಳಿದೆ. ನನ್ನ ಕೆಲಸ ಉಳಿಯಿತೋ ಹೋಯಿತೋ ನನಗೆ ಗೊತ್ತಿರಲಿಲ್ಲ.

ಪಾಸ್ ಮಾಡಿದರು. ರೂಮು ಚೆನ್ನಾಗಿದೆ, ಒಂದೇ ಷರತ್ತು ಅಂದರು: ಯಾವ ಕಾರಣಕ್ಕೂ ಒಳಗೆ ಇಬ್ಬರಿಗಿಂತ ಹೆಚ್ಚು ಜನ ಇರಬಾರದು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲಿಗೆ ಹಾಕಿಸಿಯೇ ಹೊರಟರು. ಓನರ್ ನನ್ನ ಮುಖ ನೋಡದೆ, "ಆಯ್ತು ಮೇಡಂ, ರೂಮ್ ನಿಮ್ದೇ," ಅಂದರು. ಆ ರಾತ್ರಿ ಎಷ್ಟೋ ದಿನದ ಮೇಲೆ ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಬಂದರೆ ಬಾಗಿಲ ಮುಂದೆ ನಾಲ್ಕು ಜನ ಆಪರೇಟರ್‌ಗಳು ಬೋರ್ಡ್ ಓದುತ್ತಾ ನಿಂತಿದ್ದರು.

"ಇಬ್ಬರು ಇರಬಹುದು ಅಂತ ಬರ್ದಿದಾರೆ ಮೇಡಂ. ನೀವೊಬ್ರು ಆಯ್ತು. ಇನ್ನೊಂದು ಸೀಟು ಯಾರ್ದು?"

"ಅದು ಕೆಲಸ ಇದ್ದೋರಿಗೆ."

"ಕೆಲಸ ಇರ್ಬೇಕು ಅಂತ ಎಲ್ಲೂ ಬರ್ದಿಲ್ವಲ್ಲ ಮೇಡಂ."

ಅಟ್ಟಿಸಿಕೊಂಡು ಹೋಗಿ ಅವರವರ ಲೇತ್ ಮುಂದೆ ನಿಲ್ಲಿಸಿ ಬಂದೆ. ಮಧ್ಯಾಹ್ನ ಕೈ ತೊಳೆದು ಬರುವಷ್ಟರಲ್ಲಿ, ನನ್ನ ಮೇಜಿನ ಆಚೆ ಒಂದು ಸ್ಟೂಲ್ ಬಂದು ಕೂತಿತ್ತು. ಅದರ ಮೇಲೆ ಒಂದು ಟವೆಲ್, ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಹಾಸಿದ್ದರು. ನನಗೆ ಬಂದ ಸಿಟ್ಟಿಗೆ ರೂಮಿನ ಟೆಂಪರೇಚರ್ ಒಂದು ಡಿಗ್ರಿ ಏರಿದ್ದರೂ ಆಶ್ಚರ್ಯವಿಲ್ಲ. ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕಾರ್ಖಾನೆಯ ನಡುವೆ ಬಂದೆ.

"ಯಾರ್ದಿದು? ಈಗ್ಲೇ ಹೇಳಿ. ಇಲ್ಲಾಂದ್ರೆ ಮೋರಿಗೆ ಎಸೀತೀನಿ."

ಲೇತ್‌ಗಳು ಒಂದೊಂದಾಗಿ ನಿಂತವು. ಆಮೇಲೆ ಫ್ರಂಟ್ ಆಫೀಸಿನ ಒಳಗಿನಿಂದ, ಬಾಯಿ ತುಂಬಾ ಅನ್ನ ಇಟ್ಟುಕೊಂಡ ಓನರ್ ದನಿ ಕೇಳಿಸಿತು.

"ಎಸೀಬೇಡಿ ಮೇಡಂ, ಅದು ನಂದು. ಮಜ್ಜಿಗೆ ಒಂದು ಬಾಕಿ ಇದೆ, ಮುಗಿಸ್ಕೊಂಡು ಬಂದ್ಬಿಟ್ಟೆ."